ಸಂಘದ ಸಾಲ ಮತ್ತು ಅಧ್ಯಾತ್ಮ ಸಾಧನೆ: ನಮ್ಮ ಕಡೆ ಪದೇ ಪದೇ ಕೇಳೋ ಪ್ರಶ್ನೆಗಳು

ಚಿಂತಾಮಣಿ ಕಡೆ ನಮ್ದೊಂದು ಭಜನೆ ಗುಂಪಿದೆ. ಅದರಲ್ಲಿ ಅರ್ಧಕ್ಕರ್ಧ ಜನ ಹೆಂಗಸರ ಸಂಘದಲ್ಲೂ ಇದ್ದಾರೆ, ಸಂಘದ ಲೆಕ್ಕ ಬರೆಯೋದು ನಾನು, ಹಾಗಾಗಿ ಮಂಗಳಾರತಿ ಮುಗಿದು ಕೈಗೆ ಚರುಪು ಬರೋಷ್ಟರಲ್ಲಿ ಮಾತು ಸೀದಾ ಕಂತಿನ ಕಡೆ ತಿರುಗಿಬಿಡತ್ತೆ. ಕೆಲವರಿಗೆ ಸಾಲ ಬೇಕು, ಕೆಲವರಿಗೆ ಬಡವರಿಗೆ ಸಾಲ ಕೊಟ್ಟು ಪುಣ್ಯ ಕಟ್ಕೋಬೇಕು, ಇನ್ನು ಕೆಲವರಿಗೆ ದೇವರ ಮುಂದೆ ಕೂತು ದುಡ್ಡಿನ ಮಾತಾಡೋದೇ ಸರಿ ಹೋಗಲ್ಲ. ಕೇಳಿದ್ದನ್ನೇ ಕೇಳ್ತಾರೆ, ಅದಕ್ಕೇ ಒಂದು ಕಡೆ ಬರೆದಿಟ್ಟಿದೀನಿ.

ಸಾಲಕ್ಕೂ ಅಧ್ಯಾತ್ಮಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ?

ಅಡ ಇಡೋಕೆ ಏನೂ ಇಲ್ಲದೋರ ಕೈಗೆ ದುಡ್ಡು ಕೊಟ್ಟು ನೋಡಿ, ಆಮೇಲೆ ಆ ರಾತ್ರಿ ನಿಮ್ಮ ಮನಸ್ಸು ಏನೇನು ಆಡತ್ತೆ ಅಂತ ನೋಡಿ, ಗೊತ್ತಾಗತ್ತೆ. ಅನುಮಾನ ಬರತ್ತೆ, ನಾನೇ ಇವರ ಪಾಲಿನ ದೇವರು ಅನ್ನೋ ಗರ್ವ ಬರತ್ತೆ, ಅವರು ಹೊಸ ಸೀರೆ ಉಟ್ರೆ ಹೊಟ್ಟೆ ಉರಿಯತ್ತೆ. ವರ್ಷಗಟ್ಟಲೆ ಕಣ್ಮುಚ್ಚಿ ಕೂತ್ರೂ ಮೇಲೆ ಬರದೇ ಇರೋ ಕಸ ಒಂದು ಐದು ಸಾವಿರದ ಕೈಸಾಲದಲ್ಲಿ ತೇಲಿ ಬರತ್ತೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ವಿಷಯದಲ್ಲಿ ಮಾತಾಡೋರೆಲ್ಲ ಬಡವರಿಗೆ ಶಿಸ್ತು ಬರತ್ತೆ, ಸಂಸ್ಕಾರ ಬರತ್ತೆ ಅಂತ ಶುರು ಹಚ್ಕೋತಾರೆ. ನಾನು ನೋಡಿರೋ ಮಟ್ಟಿಗೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಸು ಕರೆದು ಡೈರಿಗೆ ಹಾಕಿ ಆಮೇಲೆ ಕೂಲಿಗೆ ಹೋಗೋ ಹೆಂಗಸಿಗೆ ಶಿಸ್ತಿನ ಪಾಠ ಮಾಡೋ ಯೋಗ್ಯತೆ ನಮಗ್ಯಾರಿಗೂ ಇಲ್ಲ. ಕಲಿಯೋದು ಇರೋದು ಕೊಡೋ ಕಡೆಯವರಿಗೆ.

ಈ ಸಣ್ಣ ಸಾಲದ ಪದ್ಧತಿ ಬಾಂಗ್ಲಾದೇಶದಿಂದ ಬಂದಿದ್ದಲ್ವಾ?

ಅರ್ಧ ನಿಜ. ಮುಹಮ್ಮದ್ ಯೂನುಸ್ ಅನ್ನೋ ಎಕನಾಮಿಕ್ಸ್ ಮೇಷ್ಟ್ರು 1976ರಲ್ಲಿ ಚಿತ್ತಗಾಂಗ್ ಯೂನಿವರ್ಸಿಟಿ ಪಕ್ಕದ ಜೋಬ್ರಾ ಅನ್ನೋ ಹಳ್ಳಿಗೆ ಹೋಗಿ ನೋಡಿದ್ರು, ಬಿದಿರಿನ ಸ್ಟೂಲು ಮಾಡೋ ಹೆಂಗಸರು ಬಿದಿರಿಗೆ ದುಡ್ಡಿಲ್ಲದೆ ವ್ಯಾಪಾರಿ ಹತ್ರ ಸಾಲ ತಗೊಂಡು, ಮಾಡಿದ್ದನ್ನ ಅವನು ಹೇಳಿದ ರೇಟಿಗೇ ಕೊಟ್ಟು, ಕೈಯಲ್ಲಿ ಪುಡಿಗಾಸು ಉಳಿಸ್ಕೊಳ್ತಿದ್ರು. ಹೀಗೆ ಸಿಕ್ಕಿಹಾಕ್ಕೊಂಡಿದ್ದ 42 ಜನರ ಸಾಲ ಎಲ್ಲಾ ಸೇರಿಸಿದ್ರೂ 27 ಡಾಲರ್ ಮಾತ್ರ. ಅದನ್ನ ಅವರೇ ಜೇಬಿಂದ ಕೊಟ್ರು, ಅದೇ ಬೆಳೆದು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯ್ತು, 2006ರಲ್ಲಿ ಅವರಿಗೂ ಬ್ಯಾಂಕಿಗೂ ಸೇರಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆದ್ರೆ ನಮ್ಮ ರಾಜ್ಯದ ಕಥೆ ಬೇರೇನೇ ಇದೆ, ಅದನ್ನ ಯಾರೂ ಹೇಳಲ್ಲ. 1905ರಲ್ಲೇ ಗದಗದ ಹತ್ರ ಕಣಗಿನಹಾಳದಲ್ಲಿ ರೈತರು ಸಾಲದ ಸಹಕಾರ ಸಂಘ ಕಟ್ಟಿದ್ರು. ಆಮೇಲೆ 1980ರ ದಶಕದಲ್ಲಿ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆಯೋರು ಕೆಲಸ ಮಾಡ್ತಿದ್ದ ಊರುಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು ಹೋದ್ವು, ಆಗ ಜನ ಏನ್ ಮಾಡಿದ್ರು ಗೊತ್ತಾ, ತಮಗೆ ನಂಬಿಕೆ ಇರೋರಷ್ಟೇ ಸೇರಿ ಚಿಕ್ಕ ಚಿಕ್ಕ ಗುಂಪಾಗಿ, ಸಾಲ ನಮ್ಮ ಗುಂಪಿಗೆ ಕಟ್ತೀವಿ, ಆ ದೊಡ್ಡ ಸಂಘಕ್ಕೆ ಮಾತ್ರ ಬೇಡ ಅಂದ್ರು. ನಮ್ಮ ಕಡೆಯ ಸ್ವಸಹಾಯ ಸಂಘದ ಬೇರು ಅದು. 1987ರಲ್ಲಿ ನಬಾರ್ಡ್, ಅಂದ್ರೆ ಕೃಷಿಗೆ, ಹಳ್ಳಿಗಳಿಗೆ ಅಂತ ಇರೋ ರಾಷ್ಟ್ರೀಯ ಬ್ಯಾಂಕು, ಮೈರಾಡಕ್ಕೆ 10 ಲಕ್ಷ ಕೊಟ್ಟು ಇದನ್ನ ಪರೀಕ್ಷೆ ಮಾಡ್ತು, 1992ರಲ್ಲಿ ದೇಶದಲ್ಲಿ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಕೆಲಸಕ್ಕೆ ಕೈ ಹಾಕ್ತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರದ್ದು, ಸರ್ಕಾರದ ಸ್ತ್ರೀಶಕ್ತಿ 2000-01ರದ್ದು.

ಸ್ತ್ರೀಶಕ್ತಿ ಸಂಘ, ಫೈನಾನ್ಸ್ ಕಂಪನಿ ಸಂಘ ಎರಡೂ ಒಂದೇ ತಾನೆ?

ಅಯ್ಯೋ ಅಲ್ಲ. ಜನ ಎರಡಕ್ಕೂ "ಸಂಘ" ಅಂತಾರೆ, ಅದೇ ಎಡವಟ್ಟು. ಸ್ವಸಹಾಯ ಸಂಘದಲ್ಲಿ 10ರಿಂದ 20 ಜನ ಮೊದಲು ತಾವು ಉಳಿತಾಯ ಮಾಡ್ತಾರೆ, ಆ ದುಡ್ಡಲ್ಲೇ ಒಬ್ಬರಿಗೊಬ್ಬರು ಸಾಲ ಕೊಡ್ತಾರೆ, ಬಡ್ಡಿ ಸಂಘದಲ್ಲೇ ಉಳಿಯತ್ತೆ, ಆಮೇಲೆ ಬ್ಯಾಂಕ್ ಸಾಲ. ಕಂಪನಿಯೋರ ಗುಂಪಲ್ಲಿ ಉಳಿತಾಯ ಅನ್ನೋದೇ ಇಲ್ಲ, ದುಡ್ಡು ಹೊರಗಿಂದ ಬರತ್ತೆ, ಬಡ್ಡಿ ಹೊರಗೆ ಹೋಗತ್ತೆ. ಕಂಪನಿ ಎಲ್ಲಾ ಕೆಟ್ಟದ್ದು ಅಂತ ಹೇಳ್ತಿಲ್ಲ, ಬೇಕಾದಾಗ ಬೇಗ ಕೊಡ್ತಾರೆ, ಆದ್ರೆ ಎರಡನ್ನೂ ಒಂದೇ ತಕ್ಕಡೀಲಿ ಹಾಕ್ಬೇಡಿ.

ಅಡ ಇಲ್ಲ, ಪತ್ರ ಇಲ್ಲ, ಆದ್ರೂ ಜನ ಹೆಂಗೆ ವಾಪಸ್ ಕಟ್ತಾರೆ?

ಒಂದು ಮೀಟಿಂಗ್ ನೋಡಿದ್ರೆ ಅರ್ಥ ಆಗತ್ತೆ. ಬೆಳಿಗ್ಗೆ ಏಳು ಗಂಟೆ, ಅರಳಿಕಟ್ಟೆ ಪಕ್ಕದ ಜಗಲಿ. ಚಾಪೆ ಹಾಸಿ ಸುತ್ತ ಕೂತಿರ್ತಾರೆ, ಸೆರಗಿನ ತುದೀಲಿ ಗಂಟು ಹಾಕಿ ತಂದಿರೋ ನೋಟು ಬಿಚ್ತಾರೆ, ಎಷ್ಟು ಸಲ ಮಡಚಿರ್ತಾರೆ ಅಂದ್ರೆ ನೂರರ ನೋಟು ಬೆಂಕಿಪೊಟ್ಟಣದಷ್ಟಾಗಿರತ್ತೆ, ಅದನ್ನ ತೊಡೆ ಮೇಲಿಟ್ಟು ಅಂಗೈಲಿ ಇಸ್ತ್ರಿ ಮಾಡಿ ಮಧ್ಯಕ್ಕೆ ಇಡ್ತಾರೆ. ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಸಾಲದ ಲೆಡ್ಜರ್ ಮೂರೂ ತೆರೆದಿರತ್ತೆ. ಒಂದು ಸಲ ಹೂವು ಕಟ್ಟೋ ಅಕ್ಕ ಒಬ್ಬರಿಗೆ ಮುನ್ನೂರು ಕಮ್ಮಿ ಬಿತ್ತು. ಆಯುಧಪೂಜೆ ಮುಗಿದ ವಾರ, ಸೇವಂತಿಗೆ ರೇಟು ಬಿದ್ದು ಹೋಗಿತ್ತು. ಅವರು ಬಾಯಿ ಬಿಡಲಿಲ್ಲ, ನೋಟು ಎಣಿಸೋದನ್ನೇ ಮತ್ತೆ ಮತ್ತೆ ಮಾಡ್ತಿದ್ರು. ಪಕ್ಕದಲ್ಲಿದ್ದೋರು ಕೇಳದೇನೇ ನೂರು ತೆಗೆದು ಇಟ್ರು, ಎದುರಿದ್ದ ಅಜ್ಜಿ "ನಂದೊಂದು ಬರ್ಕಳಪ್ಪ, ಡೈರಿ ಬಟವಾಡೆ ಬಂದೈತೆ" ಅಂತ ಇನ್ನೊಂದು ನೂರು ಕೊಟ್ರು, ಉಳಿದಿದ್ದು ಮುಂದಿನ ವಾರಕ್ಕೆ ಅಂತ ನಡಾವಳೀಲಿ ಬರೆದ್ವಿ. ಎರಡು ನಿಮಿಷ ಅಷ್ಟೇ, ಯಾರೂ ಭಾಷಣ ಮಾಡಲಿಲ್ಲ.

ಅಡ ಇಟ್ಟಿರೋದು ಪರಿಚಯವನ್ನ. ಯಾರ ಮನೇಲಿ ಕುಡಿತ ಇದೆ, ಯಾರ ಹಸು ಗಬ್ಬ ಇದೆ, ಯಾರ ಮಗಳಿಗೆ ಗಂಡು ನೋಡ್ತಿದ್ದಾರೆ ಅನ್ನೋದು ಬ್ಯಾಂಕ್ ಮ್ಯಾನೇಜರ್‌ಗೆ ಗೊತ್ತಿರಲ್ಲ, ಇವರಿಗೆ ಗೊತ್ತು. ಆದ್ರೆ ಇದೇ ಪರಿಚಯ ತಿರುಗಿ ಬಿದ್ರೆ ಹಿಂಸೆ ಆಗತ್ತೆ. ಒಬ್ಬಳು ಕಟ್ಟಲಿಲ್ಲ ಅಂತ ಕಂಪನಿ ಹುಡುಗ ಉಳಿದೋರನ್ನ ಮಧ್ಯಾಹ್ನದವರೆಗೂ ಕೂರಿಸಿದ್ರೆ, ಆ ಹೆಂಗಸರೇ ಅವಳ ಬಾಗಿಲಿಗೆ ಹೋಗಿ ಪಾತ್ರೆ ಎತ್ಕೊಂಡು ಬರೋ ಮಟ್ಟಕ್ಕೆ ಹೋಗ್ತಾರೆ. ನಾವು ಸತ್ಸಂಗ ಅಂತೀವಲ್ಲ, ಅದಕ್ಕೂ ಈ ಮಾತು ಅನ್ವಯ ಆಗತ್ತೆ ಅಂತ ನನ್ನ ಅಭಿಪ್ರಾಯ. ಜೊತೇಲಿ ಕೂತೋರು ಬಿದ್ದಾಗ ಎತ್ತುತ್ತಾರೋ ಇಲ್ಲ ಬಿದ್ದಿದ್ದನ್ನ ಊರಿಗೆಲ್ಲ ಹೇಳ್ತಾರೋ ನೋಡ್ಕೊಂಡು ಗುಂಪು ಸೇರಿ.

ವಾರ ವಾರ ಇಷ್ಟಿಷ್ಟೇ ಯಾಕೆ ಕಟ್ಟಿಸ್ಕೋತಾರೆ, ವರ್ಷಕ್ಕೊಂದು ಸಲ ಕಟ್ಟಿದ್ರೆ ಆಗಲ್ವಾ?

ಕೂಲಿ, ಹಾಲು, ಹೂವು ಇವೆಲ್ಲ ಚೂರು ಚೂರೇ ಬರೋ ದುಡ್ಡು, ಒಟ್ಟಿಗೆ ಇಪ್ಪತ್ತು ಸಾವಿರ ಯಾರ ಮನೇಲೂ ಕೂತಿರಲ್ಲ. ಕೂತ್ರೂ ಜ್ವರ, ನಾಮಕರಣ, ಬೋರ್‌ವೆಲ್ ಮೋಟರ್ ಅಂತ ಹೊರಟು ಹೋಗತ್ತೆ. ಟೊಮೆಟೊ ಹಾಕೋರಿಗೆ ಮಾತ್ರ ವಾರದ ಕಂತು ಸರಿ ಹೋಗಲ್ಲ, ಬೆಳೆ ಬರೋವರೆಗೆ ಕೈ ಖಾಲಿ, ಬಂದ ಮೇಲೂ ಕೋಲಾರದ ಎಪಿಎಂಸೀಲಿ ರೇಟು ಏನಿರತ್ತೋ ದೇವರಿಗೇ ಗೊತ್ತು. ಅದನ್ನ ನೋಡದೆ ಎಲ್ಲರಿಗೂ ಒಂದೇ ಕಂತು ಹಾಕೋದು ತಪ್ಪು.

ಸಾಧನೆ ವಿಷಯಕ್ಕೆ ಬಂದ್ರೆ, ನಮಗೆ ಕೈವಾರ ಪಕ್ಕದಲ್ಲೇ ಇದೆ. ಅಲ್ಲಿನ ಸಂತ ನಾರೇಯಣ ತಾತಯ್ಯನವರು ಬಳೆ ಮಾರ್ತಿದ್ದೋರು, ಬಾಯಲ್ಲಿ ಕಲ್ಲಿಟ್ಕೊಂಡು ಗುಹೇಲಿ ಜಪ ಮಾಡಿದ್ರು, ಆ ಕಲ್ಲು ಕಲ್ಲುಸಕ್ಕರೆ ಆಯ್ತು ಅನ್ನೋ ಕಥೆ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಕಲ್ಲು ಸಕ್ಕರೆ ಆಗಿದ್ದನ್ನೇ ಎಲ್ಲರೂ ಹೇಳ್ತಾರೆ, ವರ್ಷಗಟ್ಟಲೆ ಅದು ಕಲ್ಲಾಗೇ ಇತ್ತಲ್ಲ, ಅದರ ಬಗ್ಗೆ ಯಾರೂ ಮಾತಾಡಲ್ಲ. ಶಿವರಾತ್ರಿ ದಿನ ರಾತ್ರಿಯೆಲ್ಲಾ ಜಾಗರಣೆ ಮಾಡಿ ಮಿಕ್ಕ ವರ್ಷ ಬಾಗಿಲು ಹಾಕ್ಕೊಳ್ಳೋ ನಮ್ಮಂಥೋರು ದಿನಕ್ಕೆ ಹತ್ತು ನಿಮಿಷದ ಕಂತು ಹಾಕ್ಕೊಳ್ಳೋದು ಮೇಲು. ಒಂದಿನ ತಪ್ಪಿದ್ರೆ ಮಾರನೇ ದಿನ ಎರಡು ಕಂತು ಕಟ್ಟೋಕೆ ಹೋಗ್ಬೇಡಿ, ಅದರಿಂದಾನೇ ಜನ ಪೂರ್ತಿ ಬಿಟ್ಬಿಡೋದು.

ಬಡ್ಡಿ ತಗೊಳ್ಳೋದು ಪಾಪ ಅಲ್ವಾ?

ಇದಕ್ಕೆ ಒಬ್ಬೊಬ್ಬರ ಧರ್ಮದಲ್ಲಿ ಒಂದೊಂದು ಉತ್ತರ. ಇಸ್ಲಾಂನಲ್ಲಿ ಬಡ್ಡಿ ನಿಷಿದ್ಧ, ಬಡ್ಡಿ ಇಲ್ಲದೆ ಕೊಡೋ ಸಾಲಕ್ಕೆ ಕರ್ಜ್-ಎ-ಹಸನ್ ಅಂತಾರೆ. ನನ್ನ ಕೇಳಿದ್ರೆ ಪಾಪದ ಪ್ರಶ್ನೆಗಿಂತ ಮೊದಲು ಲೆಕ್ಕದ ಪ್ರಶ್ನೆ ಕೇಳಿ, ಯಾಕಂದ್ರೆ ಮೋಸ ಇರೋದು ಅಲ್ಲಿ.

ನೋಡಿ, 20,000 ಸಾಲ, ಒಂದು ವರ್ಷ, "ನೂರಕ್ಕೆ ಒಂದೇ ರೂಪಾಯಿ ಅಕ್ಕ" ಅಂತಾರೆ. ಫ್ಲಾಟ್ ಲೆಕ್ಕದಲ್ಲಿ ಬಡ್ಡಿ 2,400. ಆದ್ರೆ ತಿಂಗಳು ತಿಂಗಳು ನೀವು ಅಸಲನ್ನೂ ಕಟ್ತಾ ಇರ್ತೀರ, ಆರು ತಿಂಗಳಾದ ಮೇಲೆ ನಿಮ್ಮ ಹತ್ರ ಇರೋದು 10,000 ಮಾತ್ರ, ಬಡ್ಡಿ ಮಾತ್ರ ಇನ್ನೂ 20,000ಕ್ಕೇ ಓಡ್ತಿರತ್ತೆ. ಉಳಿದ ಅಸಲಿನ ಮೇಲಷ್ಟೇ ಲೆಕ್ಕ ಹಾಕಿದ್ರೆ 1,320ರ ಆಸುಪಾಸು ಆಗ್ಬೇಕಿತ್ತು. ಅಂದ್ರೆ 12 ಪರ್ಸೆಂಟ್ ಅಂತ ಹೇಳಿದ್ದು ನಿಜವಾಗಿ 21 ಪರ್ಸೆಂಟ್ ದಾಟತ್ತೆ. ಇನ್ನು ಮಾರ್ಕೆಟ್ ಹತ್ರ ಬೆಳಿಗ್ಗೆ 900 ಕೊಟ್ಟು ಸಾಯಂಕಾಲ 1,000 ತಗೊಳ್ಳೋರ ಲೆಕ್ಕ ವರ್ಷಕ್ಕೆ ಹಾಕೋಕೆ ಹೋಗ್ಬೇಡಿ, ತಲೆ ತಿರುಗತ್ತೆ.

ನಮ್ಮ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಎರಡು, ಉಳಿದ ಅಸಲಿನ ಮೇಲೆ. ಕೇಳೋಕೆ ಜಾಸ್ತಿ, ಆದ್ರೆ ಆ ಬಡ್ಡಿ ಕಟ್ಟಿದೋರ ಪಾಲಿಗೇ ವಾಪಸ್ ಬರತ್ತೆ. ದುಡ್ಡಿನ ಸತ್ಯ ಹೇಳದೆ ಮೀಟಿಂಗ್ ಮೊದಲು ಪ್ರಾರ್ಥನೆ ಹಾಡಿಸೋರನ್ನ ನಾನಂತೂ ನಂಬಲ್ಲ.

ದೇವರೇ ಸಾಲ ಮಾಡಿಲ್ವಾ?

ಮಾಡಿದ್ದಾನೆ. ಪದ್ಮಾವತಿ ಮದುವೆಗೆ ಶ್ರೀನಿವಾಸ ಕುಬೇರನ ಹತ್ರ ತಗೊಂಡಿದ್ದಕ್ಕೆ ಕಲಿಯುಗ ಮುಗಿಯೋವರೆಗೆ ಬಡ್ಡಿ ಕಟ್ತಿದ್ದಾನೆ, ನಮ್ಮ ಜಿಲ್ಲೆಯಿಂದ ಎಷ್ಟು ಬಸ್ ಹೋಗತ್ತೆ ಅವನ ಹುಂಡಿ ತುಂಬಿಸೋಕೆ! ಸಾಲಗಾರ ದೇವರ ಮುಂದೆ ಕೈ ಮುಗಿದು ಬಂದು ಸಾಲಗಾರ ಹೆಂಗಸನ್ನ ಕೀಳಾಗಿ ನೋಡೋದು ಯಾವ ಲೆಕ್ಕ ನನಗೆ ಗೊತ್ತಾಗಲ್ಲ. ಮದುವೆಗೆ ಸಾಲ ಮಾಡೋದಕ್ಕೆ ಇದನ್ನ ಸಾಕ್ಷಿ ತೋರಿಸ್ಬೇಡಿ ಅಷ್ಟೇ.

ಸಾಲದ ತಲೆನೋವು ಯಾಕೆ, ದಾನ ಮಾಡಿದ್ರೆ ಸಾಲ್ದಾ?

ಎಲ್ಲಿ ದಾನ ಬೇಕೋ ಅಲ್ಲಿ ದಾನಾನೇ ಮಾಡ್ಬೇಕು. ಹಸಿದಿರೋ ಮಗೂಗೆ ಸಾಲದ ಅನ್ನ ಹಾಕೋಕಾಗತ್ತಾ? ತುಮಕೂರಿನ ಸಿದ್ಧಗಂಗೇಲಿ ಸಾವಿರಾರು ಮಕ್ಕಳಿಗೆ ಊಟ, ಪಾಠ, ಇರೋಕೆ ಜಾಗ ಕೊಡ್ತಾರೆ, ಶಿವಕುಮಾರ ಸ್ವಾಮಿಗಳು 2019ರಲ್ಲಿ 111ನೇ ವಯಸ್ಸಲ್ಲಿ ಶಿವೈಕ್ಯರಾಗೋವರೆಗೆ ಅದನ್ನೇ ನಡೆಸಿದ್ರು, ಅಲ್ಲಿ ಯಾರೂ ನೀನು ವಾಪಸ್ ಏನು ಕೊಡ್ತೀಯ ಅಂತ ಕೇಳಲ್ಲ. ವಯಸ್ಸಾದೋರು, ಹಾಸಿಗೆ ಹಿಡಿದೋರು, ದುಡಿಯೋ ಕೈ ಇಲ್ಲದ ಮನೆ, ಇವರ ತಲೆ ಮೇಲೆ ಕಂತು ಹೊರಿಸಿ ಸ್ವಾವಲಂಬನೆ ಅನ್ನೋದು ಕ್ರೂರ.

ಆದ್ರೆ ದುಡಿಯೋ ಕೈ ಇರೋರಿಗೆ ದಾನ ಕೊಟ್ರೆ ಅವರು ನಿಮ್ಮನ್ನ ಕಂಡಾಗೆಲ್ಲ ಎದ್ದು ನಿಲ್ಲಬೇಕಾಗತ್ತೆ. ಸಾಲ ಕೊಟ್ಟು ಅವರು ತೀರಿಸಿದ ಮೇಲೆ ಬೀದೀಲಿ ಸಿಕ್ಕಾಗ "ಏನಣ್ಣ, ಕಾಫಿ ಆಯ್ತಾ" ಅಂತಾರೆ, ಅಷ್ಟೇ. ಕಾಯಕ ಮಾಡೋರು ಒಬ್ಬರ ಮುಂದೆ ಒಬ್ಬರು ಸಮ ಅಂತ ಶರಣರು ಹೇಳಿದ್ದು ಈ ಕಾಫಿ ಆಯ್ತಾದಲ್ಲಿ ನನಗೆ ಕಾಣತ್ತೆ. ಕೊಟ್ಟೋರಿಗೆ ಸ್ವಲ್ಪ ಕಸಿವಿಸಿ ಆಗತ್ತೆ, ನಮಸ್ಕಾರ ಬರತ್ತೆ ಅಂತ ಕಾಯ್ತಿರ್ತಾರಲ್ಲ.

ಸಾಲ ಕೊಟ್ರೆ ಬಡತನ ಹೋಗತ್ತಾ, ನಿಜ ಹೇಳಿ.

ಬಹಳ ಜನರದ್ದು ಹೋಗಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಅವರೇ 2019ರಲ್ಲಿ ನೊಬೆಲ್ ಬಂದೋರು, ಜೊತೆಗಾರರ ಸಂಗಡ ಹೈದರಾಬಾದಿನ ಬಡಾವಣೆಗಳಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದ್ರು. 2015ರಲ್ಲಿ ಅದರ ಜೊತೆ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ ಸೇರಿ ಆರು ದೇಶದ ಅಧ್ಯಯನ ಒಟ್ಟಿಗೆ ಬಂತು. ಸಾರಾಂಶ ಏನಂದ್ರೆ ಕೆಲವರು ವ್ಯಾಪಾರ ಸ್ವಲ್ಪ ಬೆಳೆಸ್ಕೊಂಡ್ರು, ಕೈ ಸ್ವಲ್ಪ ಸಡಿಲ ಆಯ್ತು, ಆದ್ರೆ ಜೀವನ ಉಲ್ಟಾ ಪಲ್ಟಾ ಆಗೋ ಅಂಥ ಬದಲಾವಣೆ ಸರಾಸರೀಲಿ ಕಾಣಲಿಲ್ಲ.

ಇದನ್ನ ಹೇಳಿದ್ರೆ ನಮ್ಮ ಗುಂಪಲ್ಲಿ ಕೆಲವರ ಮುಖ ಬಾಡತ್ತೆ. ನನಗೆ ಮಾತ್ರ ಇದು ನೆಮ್ಮದಿ ಕೊಟ್ಟ ಸುದ್ದಿ. ಒಂದು ಹಸು ಬಂದ್ರೆ ಒಂದು ಹಸು ಬಂತು ಅನ್ನಿ, ಉದ್ಧಾರ ಆಯ್ತು ಅನ್ಬೇಡಿ. ಧ್ಯಾನ ಶಿಬಿರಕ್ಕೆ ಹೋಗಿ ಬಂದು ಹತ್ತೇ ದಿನಕ್ಕೆ ಹೊಸ ಮನುಷ್ಯ ಆದೆ ಅನ್ನೋರಿಗೂ ನಾನು ಇದನ್ನೇ ಹೇಳೋದು, ಮನೆಯೋರನ್ನ ಕೇಳಿ ಕನ್ಫರ್ಮ್ ಮಾಡ್ಕೊಳ್ಳಿ.

ಕಟ್ಟೋಕಾಗದೇ ಇದ್ರೆ ಏನ್ ಮಾಡ್ಬೇಕು? ಮನ್ನಾ ಮಾಡ್ಬೇಕಾ?

ಆಗಲ್ಲ ಅನ್ನೋರು ಬೇರೆ, ಕಟ್ಟಲ್ಲ ಅನ್ನೋರು ಬೇರೆ. ಅದನ್ನ ಹೊರಗಿನೋರು ಬೇರೆ ಮಾಡೋದು ಕಷ್ಟ, ಸಂಘದೋರು ಡೈರೀಲಿ ಹಾಲಿಗೆ ಡಿಗ್ರಿ ನೋಡ್ದಂಗೆ ನೋಡಿ ಹೇಳ್ತಾರೆ.

ನಮ್ಮ ಕಡೆ ಇದು ದೊಡ್ಡ ಮಟ್ಟದಲ್ಲಿ ಆಗಿದೆ. 2009ರಲ್ಲಿ ಕೋಲಾರದಲ್ಲಿ, ಶಿಡ್ಲಘಟ್ಟದ ಕಡೆ ಎಲ್ಲಾ ರೇಷ್ಮೆ ಕೆಲಸ ಕೈ ಕೊಟ್ಟಿತ್ತು, ನೂಲು ಬಿಚ್ಚೋ ಮನೆಗಳಲ್ಲಿ ಒಬ್ಬೊಬ್ಬರ ಹೆಸರಲ್ಲಿ ಮೂರು ನಾಲ್ಕು ಕಂಪನಿ ಸಾಲ ಇತ್ತು, ಆಗ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಯೋರು ಇನ್ನು ಕಟ್ಬೇಡಿ ಅಂತ ಜನಕ್ಕೆ ಹೇಳಿದ್ರು, ವಸೂಲಿ ನಿಂತು ಹೋಯ್ತು. ಮಾರನೇ ವರ್ಷ 2010ರಲ್ಲಿ ಪಕ್ಕದ ಆಂಧ್ರದಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಗಲಾಟೆ. ಕೆಲವರು ಇದನ್ನ ಧರ್ಮದ ಜಗಳ ಮಾಡಿ ಮಾತಾಡ್ತಾರೆ, ನನಗೆ ಹಾಗೆ ಕಾಣಲ್ಲ. ಸಾಲ ಕೊಡೋರು ಟಾರ್ಗೆಟ್ ಓಡಿಸ್ತಿದ್ರು, ತಗೊಳ್ಳೋರು ಒಂದು ತೀರಿಸೋಕೆ ಇನ್ನೊಂದು ತಗೊಳ್ತಿದ್ರು, ರೇಷ್ಮೆ ಬಿದ್ದ ದಿನ ಎಲ್ಲಾ ಒಟ್ಟಿಗೆ ಬಿತ್ತು. ಸಾಲಗಾರ ಕಷ್ಟದಲ್ಲಿದ್ರೆ ಸುಧಾರಿಸ್ಕೊಳ್ಳೋವರೆಗೆ ಟೈಮ್ ಕೊಡಿ, ಬಿಟ್ಟುಬಿಟ್ರೆ ಇನ್ನೂ ಒಳ್ಳೇದು ಅಂತ ಕುರಾನ್‌ನಲ್ಲಿದೆ. ಟೈಮ್ ಕೊಡೋದು ಮೊದಲು, ಮನ್ನಾ ಆಮೇಲೆ, ಆ ಕ್ರಮ ನನಗೆ ಸರಿ ಅನ್ನಿಸತ್ತೆ. ಕೊಟ್ಟಿದ್ದನ್ನ ಬಿಟ್ಟ ಮೇಲೆ ಮತ್ತೆ ಅದರ ಸುದ್ದಿ ಎತ್ತಬಾರದು. ಬಿಟ್ಟೆ ಅಂದು ಹಬ್ಬದ ದಿನ ನೆನಪಿಸೋರು ಬಿಟ್ಟಿಲ್ಲ, ಬೇರೆ ಥರ ಬಡ್ಡಿ ತಗೊಳ್ತಿದ್ದಾರೆ.

ಇನ್ನೂ ಜಾಸ್ತಿ ಸಾಲ ಕೊಡ್ತೀವಿ ಅಂತಾರೆ, ತಗೊಳ್ಳಲಾ?

ಆಯ್ದಕ್ಕಿ ಮಾರಯ್ಯ ಒಂದಿನ ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದಾಗ ಹೆಂಡತಿ ಲಕ್ಕಮ್ಮ, ಈ ಆಸೆ ನಮಗ್ಯಾಕೆ, ಎಲ್ಲಿಂದ ತಂದ್ರೋ ಅಲ್ಲೇ ಸುರಿದು ಬನ್ನಿ ಅಂದಳಂತೆ. ಇದನ್ನ ಸಾಲ ತಗೊಳ್ಳೋ ಹೆಂಗಸಿಗೆ ಹೇಳೋಕೆ ಮೊದಲು ಕಂಪನಿ ಬ್ರಾಂಚ್ ಮ್ಯಾನೇಜರ್‌ಗೆ ಹೇಳ್ಬೇಕು ನೋಡಿ. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ನನ್ನ ಪ್ರಕಾರ ಅರ್ಧಾನೂ ಜಾಸ್ತೀನೇ, ಮೂರರಲ್ಲೊಂದು ಭಾಗಕ್ಕೆ ನಿಲ್ಲಿಸಿ.

ವಸೂಲಿಯೋರು ಮನೆ ಹತ್ರ ಬಂದು ಮರ್ಯಾದೆ ತೆಗೀತಾರೆ, ಸಹಿಸ್ಕೊಂಡು ಕರ್ಮ ಅನ್ನಬೇಕಾ?

ಬೇಡ. ಅಧ್ಯಾತ್ಮವನ್ನ ಇಂಥ ಜಾಗಕ್ಕೆ ತರಲೇಬೇಡಿ. ಆ 2022ರ ನಿಯಮದಲ್ಲೇ ಇದೆ: ಬೆಳಿಗ್ಗೆ 9ಕ್ಕೆ ಮೊದಲು, ಸಾಯಂಕಾಲ 6ರ ಮೇಲೆ ಫೋನ್ ಮಾಡಂಗಿಲ್ಲ, ಬೈಯಂಗಿಲ್ಲ, ನೆಂಟರಿಷ್ಟರಿಗೆ ಕಾಟ ಕೊಡಂಗಿಲ್ಲ, ಹೆಸರು ಬರೆದು ಬೋರ್ಡ್ ಹಾಕಂಗಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ಆಗ್ಬೇಕು, ಅಲ್ಲಿಗೆ ಸತತ ಎರಡು ಸಲ ಹೋಗದೇ ಇದ್ರೆ ಮಾತ್ರ ಮನೆಗೆ ಬರಬಹುದು. ಬಡ್ಡಿ ವಿವರದ ಹಾಳೆ ನಿಮಗೆ ಅರ್ಥ ಆಗೋ ಭಾಷೇಲಿ ಕೊಡ್ಬೇಕು. ಮೊದಲು ಕಂಪನಿಗೆ ಬರೆದು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ, ಅಂದ್ರೆ ಗ್ರಾಹಕರ ದೂರು ವಿಚಾರಿಸೋ ಅಧಿಕಾರಿಗೆ, ದೂರು ಕೊಡಬಹುದು, ಮಾಹಿತಿಗೆ 14448.

ರಿಸರ್ವ್ ಬ್ಯಾಂಕಲ್ಲಿ ರಿಜಿಸ್ಟರ್ ಆಗದೇ ಇರೋ ಲೇವಾದೇವಿ, ಮೀಟರ್ ಬಡ್ಡಿಯೋರಿಗೆ ಅಂತ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರೀಲಿ ಸುಗ್ರೀವಾಜ್ಞೆ ತಂತು, ಆಮೇಲೆ ಅದೇ ಕಾಯ್ದೆ ಆಯ್ತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸ್ಟೇಷನ್‌ಗೆ ಒಬ್ಬರೇ ಹೋಗ್ಬೇಡಿ, ಸಂಘದೋರು ನಾಲ್ಕು ಜನ ಸೇರಿ ಹೋಗಿ. ಸಾಲದಿಂದ ಜೀವ ಬೇಡ ಅನ್ನಿಸ್ತಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿನ ವಿಷಯ ಆಮೇಲೆ ನೋಡ್ಕೊಳ್ಳೋಣ.

ನಮ್ಮ ಭಜನೆ ಗುಂಪೇ ದುಡ್ಡು ಹಾಕಿ ಸಾಲ ಕೊಡೋಕೆ ಶುರು ಮಾಡಬಹುದಾ?

ಹತ್ತು ಜನ ಉಳ್ಳೋರು ದುಡ್ಡು ಹಾಕಿ ಇಲ್ಲದೋರಿಗೆ ಬಡ್ಡಿಗೆ ಕೊಡೋದಾದ್ರೆ ಅದು ಲೇವಾದೇವಿ, ಅದಕ್ಕೆ ಲೈಸೆನ್ಸ್ ಬೇಕು, ಪುಣ್ಯದ ಹೆಸರು ಹೇಳಿದ್ರೆ ಕಾನೂನು ಬಿಡಲ್ಲ. ಅದಕ್ಕಿಂತ ಸ್ವಸಹಾಯ ಸಂಘ ಮಾಡ್ಕೊಳ್ಳಿ, ನೀವೂ ಅದರಲ್ಲಿ ಸದಸ್ಯರಾಗಿ ಎಲ್ಲರಷ್ಟೇ ಉಳಿತಾಯ ಹಾಕಿ, ಎಲ್ಲರಂಗೆ ಚಾಪೆ ಮೇಲೆ ಕೂತ್ಕೊಳ್ಳಿ. ಪಂಚಾಯ್ತೀಲಿ ಸಂಜೀವಿನಿ ಒಕ್ಕೂಟದೋರನ್ನ ಇಲ್ಲ ಅಂಗನವಾಡಿ ಟೀಚರ್‌ನ ಕೇಳಿದ್ರೆ ದಾರಿ ಹೇಳ್ತಾರೆ. ಬ್ಯಾಂಕ್ ಖಾತೆ ಸಂಘದ ಹೆಸರಲ್ಲೇ ಇರಲಿ, ಸಹಿ ಮಾಡೋರು ಒಂದೇ ಮನೆಯೋರು ಆಗೋದು ಬೇಡ. ಭಜನೆ ದಿನ ಬೇರೆ, ಸಂಘದ ಮೀಟಿಂಗ್ ದಿನ ಬೇರೆ ಇಟ್ಕೊಳ್ಳಿ, ಇಲ್ಲಾಂದ್ರೆ ಕಂತು ಕಟ್ಟೋಕಾಗದೋರು ದೇವರ ಮನೆಗೂ ಬರೋದು ಬಿಟ್ಬಿಡ್ತಾರೆ. ಲೆಕ್ಕ ಬರೆಯೋಕೆ ಪಿಯುಸಿ ಓದಿರೋ ಹುಡುಗಿ ಯಾರಾದ್ರೂ ಸಾಕು, ಆದ್ರೆ ಸೇವೆ ಅಂತ ಹೇಳಿ ಬಿಟ್ಟಿ ಬರೆಸ್ಕೋಬೇಡಿ, ತಿಂಗಳಿಗೆ ಇಷ್ಟು ಅಂತ ಮೊದಲನೇ ಮೀಟಿಂಗ್‌ನಲ್ಲೇ ನಡಾವಳೀಲಿ ಬರೆದು ಕೊಟ್ಬಿಡಿ.